ಮಕ್ಕಳಿಲ್ಲದ ಕೋಣೆಯಲ್ಲಿ ಮಕ್ಕಳ ಟೀಚರ್ ಆಗುವ ತರಬೇತಿ

ನಾನು ತರಬೇತಿ ಕೇಂದ್ರದ ಮೆಟ್ಟಿಲು ಹತ್ತುವ ಹೊತ್ತಿಗೆ ಅಂಗನವಾಡಿ ನಡೆಸಲು ಆರಂಭಿಸಿ ವರ್ಷ ದಾಟಿತ್ತು. ನಮ್ಮಲ್ಲಿ ಇದು ವಿಶೇಷವೇನಲ್ಲ. ಆಯ್ಕೆ ಪಟ್ಟಿ ಬರುತ್ತದೆ, ಆಕ್ಷೇಪಣೆಯ ಗಡುವು ಮುಗಿಯುತ್ತದೆ, ಆದೇಶ ಕೈಗೆ ಸಿಗುತ್ತದೆ, ಮರುದಿನದಿಂದ ಕೇಂದ್ರದ ಬೀಗದ ಕೈ ನಮ್ಮದು. ತರಬೇತಿಗೆ ಸರದಿ ಬಂದಾಗ ಹೋಗಬೇಕು. ಅಲ್ಲಿಯವರೆಗೆ ಪಕ್ಕದ ಊರಿನ ಹಳೆಯ ಕಾರ್ಯಕರ್ತೆ ಹೇಳಿಕೊಟ್ಟದ್ದೇ ವಿದ್ಯೆ. ನನಗೆ ಹೇಳಿಕೊಟ್ಟ ಅಕ್ಕ ಮೊದಲ ದಿನ ಕೊಟ್ಟ ಉಪದೇಶ ಇಷ್ಟೇ: "ಹಾಜರಿ, ದಾಸ್ತಾನು, ಈ ಎರಡು ಪುಸ್ತಕ ಸರಿಯಾಗಿ ಇಟ್ಟುಕೊಳ್ಳಮ್ಮ. ಮಕ್ಕಳು ಹೇಗೋ ಕಲಿಯುತ್ತಾರೆ."

ನನ್ನದು ಪಾವಗಡ ತಾಲ್ಲೂಕು. ಜಿಲ್ಲೆ ತುಮಕೂರು, ಆದರೆ ಸುತ್ತ ಬಹುಪಾಲು ಆಂಧ್ರದ ಗಡಿ. ಮನೆಗಳಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ. ಮಳೆ ಕಡಿಮೆ, ನಂಬಿದ್ದು ಕಡಲೆಕಾಯಿ. ತಿರುಮಣಿ ಕಡೆ ಸೋಲಾರ್ ಪಾರ್ಕ್ ಬಂದ ಮೇಲೆ ಕೆಲವರಿಗೆ ಅಲ್ಲಿ ಹುಲ್ಲು ಕೀಳುವ, ಪ್ಯಾನೆಲ್ ಒರೆಸುವ ಕೂಲಿ ಸಿಕ್ಕಿತು; ಉಳಿದ ಎಳೆಯ ದಂಪತಿಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ನನ್ನ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಅಜ್ಜಿಯ ಕೈಯಲ್ಲಿ ಬೆಳೆಯುವವರೇ ಹೆಚ್ಚು. ಮೂರು ವರ್ಷದ ಮಗು, ಆರು ತುಂಬಲಿರುವ ಮಗು, ಎಲ್ಲರೂ ಒಂದೇ ಕೋಣೆಯಲ್ಲಿ. ಆ ಕೋಣೆಯ ಗೋಡೆಯ ಆಚೆಗೆ ಒಲೆ. ಇವಿಷ್ಟು ಗೊತ್ತಿದ್ದರೆ ಮುಂದಿನ ಮಾತು ಅರ್ಥವಾಗುತ್ತದೆ.

ವೃತ್ತಿ ತರಬೇತಿ ಎಂದು ನಮಗೆ ಆಗ ಕೊಡುತ್ತಿದ್ದುದು 26 ಕೆಲಸದ ದಿನಗಳ ವಸತಿ ಶಿಬಿರ. ನಡೆಸುತ್ತಿದ್ದುದು ಒಂದು ಸ್ವಯಂಸೇವಾ ಸಂಸ್ಥೆ. ಹಳೆಯ ಎರಡಂತಸ್ತಿನ ಮನೆ, ಕೆಳಗೆ ತರಗತಿ, ಮೇಲೆ ಚಾಪೆ ಹಾಸಿ ಮಲಗುವ ಕೋಣೆಗಳು. ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿದ್ದ ನಮ್ಮಲ್ಲಿ ಹಲವರು ಬಾಣಂತನ ಮುಗಿಸಿ ಹೆಚ್ಚು ತಿಂಗಳಾಗದವರು. ಹಾಲು ಕುಡಿಯುವ ಕೂಸನ್ನು ಬಿಟ್ಟು ಬರಲಾಗದೆ ಕೂಸಿನ ಜೊತೆಗೇ ಬಂದಿದ್ದರು. ಒಬ್ಬಾಕೆ ಕೂಸನ್ನು ನೋಡಿಕೊಳ್ಳಲು ಅತ್ತೆಯನ್ನೂ ಕರೆತಂದಿದ್ದಳು. ಕೆಳಗೆ ಎದೆಹಾಲಿನ ಮಹತ್ವದ ಪಾಠ ನಡೆಯುವಾಗ ಮೇಲಿನಿಂದ ಅಳು ಕೇಳುತ್ತಿತ್ತು. ಆ ತಾಯಿ ಎದ್ದು ಹೋಗಲು ಅನುಮತಿ ಕೇಳಬೇಕು, ಹೋದರೆ ಹಾಜರಿ ಪುಸ್ತಕದಲ್ಲಿ ಗುರುತು. ಶಿಶುಪಾಲನೆ ಕಲಿಸುವ ಆ ಕಟ್ಟಡದಲ್ಲಿ ಒಂದು ತೊಟ್ಟಿಲಿರಲಿಲ್ಲ. ಯಾರಿಗೂ ಅದು ವಿಚಿತ್ರ ಎನಿಸಲೂ ಇಲ್ಲ.

ಪಠ್ಯಕ್ರಮ ದೊಡ್ಡದು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳು, ಲಸಿಕೆಯ ವೇಳಾಪಟ್ಟಿ, ಗರ್ಭಿಣಿ ಬಾಣಂತಿಯರ ಆಹಾರ, ಅಯೋಡಿನ್ ಕೊರತೆ, ತಾಯಂದಿರ ಸಭೆ ನಡೆಸುವ ಬಗೆ, ಸ್ತ್ರೀಶಕ್ತಿ ಗುಂಪು, ಜೊತೆಗೆ ದಾಖಲೆಗಳು. ದಾಖಲೆಗಳಿಗೇ ಎಷ್ಟು ಹೊತ್ತು ಹೋಯಿತೆಂದರೆ ಕೊನೆಕೊನೆಗೆ ಕನಸಿನಲ್ಲೂ ಅಂಕಣ ಎಳೆಯುತ್ತಿದ್ದೆವು. ಶಾಲಾಪೂರ್ವ ಶಿಕ್ಷಣವೂ ಆ ಆರರಲ್ಲಿ ಒಂದು. ಉಳಿದ ಐದರ ನಡುವೆ ಅದಕ್ಕೆ ಸಿಕ್ಕಿದ ಪಾಲು ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಸಿಗುವ ಪಾಯಸದಷ್ಟು.

ತರಗತಿಯ ಗೋಡೆಯ ಮೇಲೆ ಶಿಶು ಶಿಕ್ಷಣಕ್ಕೆ ದಾರಿ ತೋರಿದ ಮಾರಿಯಾ ಮಾಂಟೆಸ್ಸರಿ, ಗಿಜುಭಾಯಿ, ತಾರಾಬಾಯಿ ಮೋಡಕ್ ಅವರ ಚಿತ್ರಗಳಿದ್ದವು. ಮಾಂಟೆಸ್ಸರಿ ಹುಟ್ಟಿದ್ದು 1870, ಮದ್ರಾಸಿಗೆ ಬಂದದ್ದು 1939 ಎಂದು ಬಾಯಿಪಾಠ ಮಾಡಿಸಿದರು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ದಿನ 1975ರ ಅಕ್ಟೋಬರ್ 2, ನಮ್ಮ ರಾಜ್ಯದ ಮೊದಲ ಪ್ರಾಯೋಗಿಕ ತಾಲ್ಲೂಕು ಟಿ. ನರಸೀಪುರ. ಇವು ಕೊನೆಯ ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆಗಳು, ಬಂದವು ಕೂಡ. ತಾರಾಬಾಯಿಯವರು ಅನುತಾಯಿ ವಾಘ್ ಜೊತೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದ್ದು, ಮುಂದೆ ಕೋಸಬಾಡದ ಆದಿವಾಸಿ ಮಕ್ಕಳ ಬಳಿಗೆ ಹೋಗಿ ಕೂತದ್ದು, ಮಕ್ಕಳು ಶಾಲೆಗೆ ಬಾರದಿದ್ದರೆ ಅವರಿದ್ದ ಅಂಗಳಕ್ಕೇ ಶಾಲೆಯನ್ನು ಒಯ್ದದ್ದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬೇರೆಲ್ಲೋ ಓದಿ. ಆ ಚಿತ್ರದ ಕೆಳಗೇ ಕೂತು ನಾವು ಆಕೆಯ ಹೆಸರಿನ ಕಾಗುಣಿತ ತಿದ್ದಿಕೊಳ್ಳುತ್ತಿದ್ದೆವು.

ಎಲ್ಲವನ್ನೂ ಹಳಿಯುವುದು ನ್ಯಾಯವಲ್ಲ. ಆ ಶಿಬಿರದಲ್ಲಿ ಒಂದು ವಿಷಯವನ್ನು ನಮಗೆ ಅಪ್ಪಟವಾಗಿ ಕಲಿಸಿದರು: ಮಗುವಿನ ತೂಕ ತೆಗೆಯುವುದು. ಕಲಿಸಿದಾಕೆ ವಯಸ್ಸಾದ ನರ್ಸ್. ಕಪ್ಪು ಹಲಗೆಯ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಹೊರಗೆ ಹೊಂಗೆ ಮರದ ಕೊಂಬೆಗೆ ತಕ್ಕಡಿ ಕಟ್ಟಿಸಿದರು, ಹತ್ತಿರದ ಕೇರಿಯಿಂದ ತಾಯಂದಿರನ್ನು ಕರೆಸಿದರು. ಮೊದಲು ಖಾಲಿ ಜೋಲಿ ನೇತುಹಾಕಿ ಮುಳ್ಳು ಸೊನ್ನೆಗೆ ತರಬೇಕು. ಮಗುವಿನ ಬಟ್ಟೆ, ಕಾಲ್ಗೆಜ್ಜೆ, ಉಡಿದಾರದ ತಾಯತ ಎಲ್ಲ ಬಿಚ್ಚಿಸಬೇಕು. ಜೋಲಿಯಲ್ಲಿ ಇಟ್ಟ ಮೇಲೆ ಮಗು ಒದ್ದಾಡುತ್ತದೆ, ಮುಳ್ಳು ಕುಣಿಯುತ್ತದೆ. ಆಗ ನಮ್ಮ ಕಣ್ಣು ತಕ್ಕಡಿಯ ಮಟ್ಟಕ್ಕೆ ಬರುವಂತೆ ನಿಂತು, ಮುಳ್ಳು ನಿಲ್ಲುವವರೆಗೆ ಕಾಯಬೇಕು. ನಮ್ಮಲ್ಲಿ ಪ್ರತಿಯೊಬ್ಬರೂ ಮಾಡಿದೆವು. ಆಕೆ ಪಕ್ಕದಲ್ಲಿ ನಿಂತು ನೋಡಿದರು. ಒಬ್ಬಾಕೆ ಅವಸರದಲ್ಲಿ ಓದಿದಾಗ "ಮುಳ್ಳು ನಿಂತಿತೇನಮ್ಮ?" ಎಂದಷ್ಟೇ ಕೇಳಿದರು. ಆಮೇಲೆ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಇಟ್ಟು, ಹಸಿರೋ ಹಳದಿಯೋ ಕಿತ್ತಳೆಯೋ ನೋಡಿ, ಆ ತಾಯಿಗೆ ಅವಳ ಮಾತಿನಲ್ಲಿ ಹೇಳಬೇಕಿತ್ತು. ಇಂದಿಗೂ ಯಾವ ಗಲಾಟೆಯ ನಡುವೆಯೂ ನಾನು ತೆಗೆದ ತೂಕ ತಪ್ಪುವುದಿಲ್ಲ. ಎಎನ್‌ಎಂ ಅಕ್ಕ, ಅಂದರೆ ಊರಿನ ಆರೋಗ್ಯ ಸಹಾಯಕಿ, ಬಂದರೆ ನನ್ನ ಪುಸ್ತಕದ ಅಂಕಿಯನ್ನು ಹಾಗೆಯೇ ಎತ್ತಿಕೊಳ್ಳುತ್ತಾರೆ.

ಅದೇ ಶಿಬಿರದಲ್ಲಿ ಪಾಠ ಮಾಡುವುದನ್ನು ಕಲಿಸಿದ ಬಗೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. "ಮಾದರಿ ಪಾಠ" ಎಂದು ಒಂದು ಅವಧಿ. ಒಬ್ಬಳು ಟೀಚರ್ ಆಗಬೇಕು, ಉಳಿದವರು ಮಕ್ಕಳಾಗಬೇಕು. ನನಗೆ ಬಂದ ವಿಷಯ ಹಣ್ಣುಗಳು. ಸೀರೆ ಉಟ್ಟ ನನ್ನ ಮಕ್ಕಳು ಚಕ್ಕಳಮಕ್ಕಳ ಹಾಕಿ ಸಾಲಾಗಿ ಕೂತಿದ್ದರು. ಮಾವಿನ ಹಣ್ಣಿನ ಚಿತ್ರ ಎತ್ತಿ ಹಿಡಿದೆ, "ಮಾವಿನ ಹಣ್ಣು" ಎಂದು ಒಕ್ಕೊರಲಿನಲ್ಲಿ ಹೇಳಿದರು. ಬಣ್ಣ ಕೇಳಿದೆ, ಹಳದಿ ಎಂದರು. ಅಭಿನಯ ಗೀತೆ ಹಾಡಿಸಿದೆ, ಕೈ ಬೀಸಿ ಹಾಡಿದರು. ಯಾರೂ ಚಡ್ಡಿ ಒದ್ದೆ ಮಾಡಿಕೊಳ್ಳಲಿಲ್ಲ, ಯಾರೂ ಪಕ್ಕದವಳ ಕೈ ಕಚ್ಚಲಿಲ್ಲ, ಯಾರೂ ಬಾಗಿಲಿಗೆ ಹೋಗಿ ಅವ್ವ ಎಂದು ಅಳಲಿಲ್ಲ. ತರಬೇತುದಾರರು ಹತ್ತಕ್ಕೆ ಎಂಟು ಅಂಕ ಕೊಟ್ಟರು. ಎರಡು ಅಂಕ ಕಳೆದದ್ದು ಚಾರ್ಟಿನ ಅಂಚಿಗೆ ಬಣ್ಣದ ಕಾಗದ ಅಂಟಿಸದೆ ಇದ್ದುದಕ್ಕೆ.

ನಿಜವಾದ ಮಕ್ಕಳನ್ನು ಕಂಡದ್ದು ಕ್ಷೇತ್ರ ಭೇಟಿಯ ದಿನ. ಬಸ್ಸಿನಲ್ಲಿ ಒಂದು "ಮಾದರಿ ಅಂಗನವಾಡಿ"ಗೆ ಕರೆದೊಯ್ದರು. ಸಣ್ಣ ಕೋಣೆ, ಅಲ್ಲಿದ್ದ ಮಕ್ಕಳಿಗಿಂತ ನೋಡಲು ಹೋದ ನಾವೇ ಹೆಚ್ಚು. ಗೋಡೆಯ ಉದ್ದಕ್ಕೂ ನಿಂತು, ಕಿಟಕಿಯಿಂದ ಇಣುಕಿ, ಬಾಗಿಲು ತುಂಬಿ ನೋಡಿದೆವು. ಇಸ್ತ್ರಿ ಮಾಡಿದ ಬಟ್ಟೆ ತೊಡಿಸಿ ಕೂರಿಸಿದ್ದ ಮಕ್ಕಳು ಅಷ್ಟು ಹೆಂಗಸರನ್ನು ಒಟ್ಟಿಗೆ ಕಂಡು ಬೆದರಿದರು. ಒಂದು ಮಗು ಅತ್ತಿತು, ಅದನ್ನು ನೋಡಿ ಇನ್ನೊಂದು, ಕ್ಷಣದಲ್ಲಿ ಇಡೀ ಕೋಣೆ. ಆ ಟೀಚರ್ ಏನು ಮಾಡುತ್ತಾರೆ ಎಂದು ನೋಡಲು ನಾನು ಕತ್ತು ಚಾಚಿದೆ. ಇಡೀ ತರಬೇತಿಯಲ್ಲಿ ನಾನು ನೋಡಲೇಬೇಕಾದ ಗಳಿಗೆ ಅದು. ಅಷ್ಟರಲ್ಲಿ ನಮ್ಮ ಜೊತೆ ಬಂದಿದ್ದವರು, "ಪಾಪ, ಅವರಿಗೆ ತೊಂದರೆ ಆಗುತ್ತಿದೆ, ನಡೆಯಿರಿ ನಡೆಯಿರಿ" ಎಂದು ಹೊರಗೆ ಕರೆದರು. ಹೊರಗೆ ಕೈತೋಟ ತೋರಿಸಿದರು. ನುಗ್ಗೆ ಗಿಡದ ಲಾಭಗಳನ್ನು ಬರೆದುಕೊಂಡೆವು.

ಊರಿಗೆ ಮರಳುವಾಗ ಕೈಯಲ್ಲಿ ಪ್ರಮಾಣಪತ್ರ, ಚೀಲದಲ್ಲಿ ಕಾಲುಚೀಲದಿಂದ ಮಾಡಿದ ಬೊಂಬೆ. ಹೆಚ್ಚು ಚೆನ್ನಾಗಿದ್ದ ಬೊಂಬೆಗಳನ್ನು ವಸ್ತುಪ್ರದರ್ಶನಕ್ಕೆಂದು ಅಲ್ಲಿಯ ಗಾಜಿನ ಬೀರುವಿನಲ್ಲೇ ಉಳಿಸಿಕೊಂಡರು.

ಆಮೇಲೆ ವರ್ಷಗಳವರೆಗೆ ನನ್ನ ಕೆಲಸವನ್ನು ನೋಡಲು ಬಂದವರು ಮೇಲ್ವಿಚಾರಕಿಯರು. ಒಬ್ಬೊಬ್ಬರ ವಲಯದಲ್ಲಿ ಇಪ್ಪತ್ತು ಇಪ್ಪತ್ತೈದು ಕೇಂದ್ರಗಳು, ಊರಿಂದೂರಿಗೆ ಬಸ್ಸಿಲ್ಲ, ಮೇಲಿನಿಂದ ಪ್ರತಿದಿನ ಒಂದು ವರದಿಯ ಬೇಡಿಕೆ. ಬಂದವರು ದಾಸ್ತಾನು ಪುಸ್ತಕ ತೆರೆದು, ಅಕ್ಕಿ ಬೇಳೆ ತೂಗಿ, ಹಾಜರಿ ಎಣಿಸಿ, ಭೇಟಿ ಪುಸ್ತಕದಲ್ಲಿ "ಕೇಂದ್ರ ತೆರೆದಿತ್ತು, ಮಕ್ಕಳು ಹಾಜರಿದ್ದರು" ಎಂದು ಬರೆದು ಮುಂದಿನ ಊರಿಗೆ ಹೊರಡುತ್ತಿದ್ದರು. ಅವರನ್ನು ದೂರುವುದಿಲ್ಲ. ಅವರಿಗೆ ಯಾರೂ ಪಾಠ ನೋಡಿ ಬನ್ನಿ ಎಂದು ಹೇಳಿ ಕಳಿಸುತ್ತಿರಲಿಲ್ಲ.

ಒಬ್ಬರು ಮಾತ್ರ ಬೇರೆ ಬಗೆಯವರು. ಅವರು ಹಿಂದೆ ನಮ್ಮಂತೆಯೇ ಕಾರ್ಯಕರ್ತೆಯಾಗಿದ್ದು, ಬಡ್ತಿಯಿಂದ ಮೇಲ್ವಿಚಾರಕಿಯಾದವರು. ಮೊದಲ ಸಲ ಬಂದಾಗ ಪುಸ್ತಕ ಕೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಮಕ್ಕಳ ನಡುವೆ ಚಾಪೆಯ ಮೇಲೆ ಕೂತರು. ನಾನು ಕುರ್ಚಿ ತಂದರೆ, "ಅದು ನಿಮಗೂ ಬೇಡ, ನನಗೂ ಬೇಡ" ಎಂದರು. ನಂತರ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಹೇಳಿದ್ದು ಇದು: "ಟೀಚರ್, ಇವತ್ತು ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಆ ಮೂಲೆಯಲ್ಲಿ ಕೂತು, ಒಲೆಯ ಮೇಲಿನ ಅನ್ನ ಆಗುವವರೆಗೆ ಒಂದೇ ಒಂದು ಮಗುವನ್ನು ನೋಡಿ. ಚುರುಕು, ಮಂಕು ಅಂತ ಬರೆಯಬೇಡಿ. ಅದು ಏನು ಮಾಡಿತು ಅಷ್ಟನ್ನೇ ಬರೆಯಿರಿ."

ನಾನು ಆರಿಸಿಕೊಂಡದ್ದು ನಾಲ್ಕು ವರ್ಷದ ಒಂದು ಹುಡುಗಿಯನ್ನು. ಮನೆಯಲ್ಲಿ ತೆಲುಗು, ನಾವು ವೃತ್ತವಾಗಿ ಕೂತು ಮಾಡುವ ಮಾತುಕತೆಯಲ್ಲಿ ತುಟಿ ಬಿಚ್ಚದವಳು. ಇಲಾಖೆಯ ಮೌಲ್ಯಮಾಪನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ "ಎಣಿಸುತ್ತದೆ: ಇಲ್ಲ" ಎಂದಿತ್ತು. ಆ ದಿನ ಮೇಡಂ ಮಕ್ಕಳ ಮುಂದೆ ಹುಣಸೆ ಬೀಜದ ಒಂದು ಕುಪ್ಪೆ ಸುರಿದು ಸುಮ್ಮನಾದರು. ನನ್ನ ನೋಟ್‌ಬುಕ್ಕಿನ ಆ ಪುಟ ಈಗಲೂ ಇದೆ: "ಬೀಜ ಮುಟ್ಟಿ ನೋಡಿದಳು. ಒಂದನ್ನು ಕೆನ್ನೆಗೆ ಉಜ್ಜಿದಳು. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ ಇಟ್ಟಳು. ಅರ್ಧ ಒಡೆದ ಬೀಜ ಸಿಕ್ಕಿತು. ದೊಡ್ಡವುಗಳ ಕಡೆ ಇಟ್ಟಳು, ತೆಗೆದಳು. ಸಣ್ಣವುಗಳ ಕಡೆ ಇಟ್ಟಳು, ತೆಗೆದಳು. ಎಡಗೈಯಲ್ಲಿ ಹಿಡಿದುಕೊಂಡಳು. ಇನ್ನೊಂದು ಒಡೆದ ಬೀಜ ಹುಡುಕಿ ತಂದಳು. ಎರಡನ್ನೂ ಬೇರೆಯಾಗಿ ಇಟ್ಟು ಮೂರನೆಯ ಗುಂಪು ಮಾಡಿದಳು. ಪಕ್ಕದ ಹುಡುಗ ಕೈ ಹಾಕಿದಾಗ ತೆಲುಗಿನಲ್ಲಿ ಬೈದಳು, ಯಾವ ಬೀಜ ಎಲ್ಲಿಗೆ ಸೇರಬೇಕು ಎಂದು ಅವನಿಗೆ ತೋರಿಸಿದಳು."

ಊಟವಾದ ಮೇಲೆ ಮೇಡಂ ಆ ಪುಟ ಓದಿದರು. ಹೊಗಳಲಿಲ್ಲ, ತಿದ್ದಲೂ ಇಲ್ಲ. "ಹಾಗಾದರೆ ನಾಳೆ ಇವಳಿಗೆ ಏನು ಕೊಡುತ್ತೀರಿ?" ಎಂದು ಕೇಳಿದರು. ನಾಳೆಯ ವಿಷಯ ವಾಹನಗಳು ಎಂದೆ, ತಿಂಗಳ ಯೋಜನೆಯಲ್ಲಿ ಹಾಗೆಯೇ ಇತ್ತು. "ವಾಹನವೇ ಇರಲಿ. ಗುಂಪು ಮಾಡುವುದರಲ್ಲಿ ಅವಳು ಎಲ್ಲಿಗೆ ಬಂದಿದ್ದಾಳೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ, ವಾಹನದಲ್ಲಿ ಅದನ್ನೇ ಮುಂದಕ್ಕೆ ಒಯ್ಯಿರಿ" ಎಂದರು. ಇಬ್ಬರೂ ಸೇರಿ ಯೋಚಿಸಿದೆವು: ಎತ್ತಿನ ಗಾಡಿ, ಸೈಕಲ್, ಆಟೊ, ಟ್ರಾಕ್ಟರ್ ಚಿತ್ರಗಳನ್ನು ಅವಳ ಮುಂದೆ ಇಡುವುದು, ಹೇಗೆ ಗುಂಪು ಮಾಡಬೇಕು ಎಂದು ಹೇಳದೆ ಇರುವುದು. ಅವಳು ತೆಲುಗಿನಲ್ಲಿ ಹೇಳಿದರೆ ನಾನು ಅದನ್ನೇ ಹಿಡಿದು ಕನ್ನಡದಲ್ಲಿ ಮುಂದುವರಿಸುವುದು, "ಕನ್ನಡದಲ್ಲಿ ಹೇಳು" ಎಂದು ತಡೆಯದಿರುವುದು. ಮರುದಿನ ಅವಳು ಮಾಡಿದ್ದು ಗಾಲಿ ಎಣಿಸಿ ಮಾಡಿದ ಗುಂಪು. ಆಟೊ, ಟ್ರಾಕ್ಟರ್ ಒಂದೊಂದೂ ಒಂಟಿಯಾಗಿ ಉಳಿದವು.

ಗಡಿನಾಡಿನ ಅಂಗನವಾಡಿಗೆ ಮನೆಮಾತಿನ ಪ್ರಶ್ನೆ ದಿನನಿತ್ಯದ್ದು. ನಮ್ಮಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಕೇರಿಗಳಲ್ಲಿ ಉರ್ದು. 26 ದಿನಗಳಲ್ಲಿ ಅದರ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಮೇಡಂ ಒಂದು ಮಧ್ಯಾಹ್ನದಲ್ಲಿ ದಾರಿ ತೋರಿಸಿದರು. ಆಮೇಲೆಯೂ ಕೆಲವು ಸಲ ಬಂದರು, ಪ್ರತಿ ಸಲವೂ ಬೇರೆ ಮಗುವಿನ ಮೇಲೆ ಕಣ್ಣಿಡಲು ಹೇಳಿದರು, ಒಮ್ಮೆ ತಾವೇ ಬರೆದು ನನ್ನನ್ನು ಕಥೆ ಹೇಳಲು ಬಿಟ್ಟರು. ನಂತರ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಎರಡು ವಲಯಗಳ ಹೊಣೆ ಹೊರಿಸಿದ್ದರು.

ಆಮೇಲಿನ ವರ್ಷಗಳಲ್ಲಿ ತರಬೇತಿಗೆ ಬರವಿರಲಿಲ್ಲ. ಆದರೆ ಹೆಚ್ಚಿನವು ಮೊಬೈಲಿನವು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಲಾಗಿನ್ ಹೇಗೆ, ಫಲಾನುಭವಿ ಸೇರ್ಪಡೆ ಹೇಗೆ, ಆಧಾರ್ ಪರಿಶೀಲನೆ ಹೇಗೆ, ಎತ್ತರ ತೂಕ ಏರಿಸುವುದು ಹೇಗೆ. ಒಂದೊಂದು ಆವೃತ್ತಿ ಬದಲಾದಾಗಲೂ ಒಂದೊಂದು ಸಭೆ. ಇವನ್ನೆಲ್ಲ ಇಲಾಖೆಯ ಕಡತಗಳಲ್ಲಿ "ಕಾರ್ಯಕರ್ತೆಯರ ಸಾಮರ್ಥ್ಯ ವರ್ಧನೆ" ಎಂದೇ ಬರೆಯುತ್ತಾರೆ. ನನ್ನ ಸಾಮರ್ಥ್ಯ ವರ್ಧಿಸಿದ್ದು ನಿಜ. ನೆಟ್‌ವರ್ಕ್ ಸಿಗುವ ಜಾಗ ಹುಡುಕುವುದರಲ್ಲಿ ಈಗ ನನ್ನನ್ನು ಮೀರಿಸುವವರಿಲ್ಲ.

ನಡುವೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ನಾವೆಲ್ಲ ಅದರ ಒಂದು ಪರಿಚ್ಛೇದವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡಿದ್ದೆವು. ಪಿಯುಸಿ ಮತ್ತು ಅದಕ್ಕಿಂತ ಹೆಚ್ಚು ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಟಿ.ವಿ. ಮತ್ತು ಮೊಬೈಲ್ ಮೂಲಕ ಪಾಠ, ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ, ಶಾಲಾ ಇಲಾಖೆಯ ಕ್ಲಸ್ಟರ್ ಕೇಂದ್ರಗಳ ಮಾರ್ಗದರ್ಶನ. ಓದಿ ಸಂತೋಷಪಟ್ಟೆ, ಸ್ವಲ್ಪ ನಕ್ಕೆ ಕೂಡ. ಮೂರು ವರ್ಷದ ಮಗುವನ್ನು ಸಮಾಧಾನ ಮಾಡುವುದನ್ನು ಟಿ.ವಿ. ನೋಡಿ ಕಲಿಯಬೇಕಂತೆ. ಆದರೂ ಆ ಮುಖಾಮುಖಿ ತರಗತಿಯ ಮಾತಿನಲ್ಲಿ ಆಸೆ ಇತ್ತು. ನಮ್ಮ ವಲಯದಲ್ಲಿ ಯಾರ ಕೈಗೂ ಆ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ.

ಬಂದದ್ದು "ಪೋಷಣ್ ಭೀ ಪಢಾಯೀ ಭೀ", ಅಂದರೆ ಪೋಷಣೆಯೂ ಓದೂ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಾರ್ಯಕ್ರಮ ಅದು. ನಮ್ಮ ತಾಲ್ಲೂಕಿಗೆ ತಲುಪುವಾಗ ಸಾಕಷ್ಟು ತಡವಾಗಿತ್ತು. ಮೊದಲು ಅಧಿಕಾರಿಗಳು ಮತ್ತು ಮೇಲ್ವಿಚಾರಕಿಯರಿಗೆ ಎರಡು ದಿನ, ಅವರಿಂದ ನಮಗೆ ಮೂರು ದಿನ. ಒಂದು ಸಭಾಭವನ, ಫ್ಯಾನ್ ಗಾಳಿಗೆ ಹಾರುವ ಬ್ಯಾನರ್, ಹಿಂದಿನ ಸಾಲಿಗೆ ಕಾಣದ ಪರದೆ. ನಮಗೆ ಪಾಠ ಮಾಡಿದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಮೊದಲೇ ಹೇಳಿಬಿಟ್ಟರು: "ನೋಡಿ, ನನಗೂ ಇದನ್ನು ಎರಡೇ ದಿನದಲ್ಲಿ ಹೇಳಿದ್ದು. ನನಗೆ ಅರ್ಥವಾದಷ್ಟು ಹೇಳುತ್ತೇನೆ, ಉಳಿದದ್ದು ಪುಸ್ತಕದಲ್ಲಿದೆ."

ಪುಸ್ತಕದಲ್ಲಿ ಇದ್ದದ್ದು ಮಾತ್ರ ನಿಜವಾಗಿ ಒಳ್ಳೆಯದು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹುಟ್ಟಿನಿಂದ ಮೂರು ವರ್ಷದವರಿಗೆ "ನವಚೇತನ", ಮೂರರಿಂದ ಆರರವರಿಗೆ "ಆಧಾರಶಿಲಾ", ಎರಡೂ 2024ರಲ್ಲಿ ಹೊರಬಂದವು. ಆಧಾರಶಿಲಾ 48 ವಾರಗಳ ಪಠ್ಯಕ್ರಮ. ಮೊದಲ ನಾಲ್ಕು ವಾರ ಮಗು ಮನೆಯಿಂದ ಕೇಂದ್ರಕ್ಕೆ ಹೊಂದಿಕೊಳ್ಳುವುದಕ್ಕೇ ಮೀಸಲು. ನಂತರ 36 ವಾರ ಮುಕ್ತ ಆಟ, ಮಾತುಕತೆ, ಕಥೆ, ಹಾಡು, ಕೈಕೆಲಸ. ಕೊನೆಯ ಎಂಟು ವಾರ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಲು. ಮೊದಲ ನಾಲ್ಕು ವಾರ ಅಳುವ ಮಗುವಿಗೆ ಅಳಲು ಬಿಡಬಹುದು ಎಂದು ಸರ್ಕಾರಿ ಪುಸ್ತಕವೊಂದು ಒಪ್ಪಿಕೊಂಡಂತಾಯಿತಲ್ಲ ಎಂದು ನನಗೆ ಆನಂದವಾಯಿತು. ಮುಕ್ತ ಆಟವನ್ನು ಗಮನಿಸಿ ಎಂದೂ ಇತ್ತು. ಮೇಡಂ ಹುಣಸೆ ಬೀಜ ಸುರಿದು ಕಲಿಸಿದ್ದೇ ಅದು.

ಆದರೆ ಗಮನಿಸುವುದು ಹೇಗೆ ಎಂಬುದು ಪರದೆಯ ಮೇಲೆ ಒಂದು ಸ್ಲೈಡ್. ಐದು ಅಂಶಗಳು. ಅದನ್ನು ಓದಿ ಮುಂದಕ್ಕೆ ಹೋದರು. ಅಂಗವೈಕಲ್ಯವನ್ನು ಬೇಗ ಗುರುತಿಸುವ ಬಗ್ಗೆ 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯನ್ನೂ ಅದೇ ವೇಗದಲ್ಲಿ ಮುಗಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯ ಕಾರ್ಯಕರ್ತೆಯ ಕೇಂದ್ರದಲ್ಲಿ ಕರೆದರೆ ತಿರುಗಿ ನೋಡದ ಒಂದು ಮಗುವಿತ್ತು. ಅದಕ್ಕೆ ಕಿವಿ ಕೇಳುವುದಿಲ್ಲವೋ, ಬೇರೆ ಏನೋ ತಿಳಿಯದೆ ಆಕೆ ತಿಂಗಳುಗಳಿಂದ ಒದ್ದಾಡುತ್ತಿದ್ದರು. ಎದ್ದು ನಿಂತು ಕೇಳಿದರು. ತರಬೇತುದಾರರು ಪುಸ್ತಕ ತಿರುವಿದರು, "ಆರೋಗ್ಯ ಇಲಾಖೆಗೆ ಕಳಿಸಿ" ಎಂದರು. ಆಕೆ ಕಳಿಸಿ ಆಗಿತ್ತು. ಅವರು ವಾಪಸ್ ಕಳಿಸಿದ್ದರು. ಆ ಮಗುವಿನ ಬಗ್ಗೆ ಹತ್ತು ನಿಮಿಷ ಮಾತಾಡಿದ್ದರೆ ಸಭಾಭವನದಲ್ಲಿದ್ದ ಎಲ್ಲರಿಗೂ ಇಡೀ ದಿನದ ಪಾಠವಾಗುತ್ತಿತ್ತು. ಊಟದ ಸಮಯವಾಗಿತ್ತು.

ಮಧ್ಯಾಹ್ನ ಸ್ಥಳೀಯ ವಸ್ತುಗಳಿಂದ ಆಟಿಕೆ ಮಾಡುವ ಕೆಲಸ. ಜೋಳದ ದಂಟಿನ ಗಾಡಿ, ಬಾಟಲಿ ಮುಚ್ಚಳದ ಗಿರಗಟ್ಟೆ, ತೆಂಗಿನ ಗರಿಯ ಹಾವು. ನಮ್ಮ ಹೆಂಗಸರ ಕೈಗೆ ಕೆಲಸ ಸಿಕ್ಕಿದ್ದೇ ತಡ, ಸಭಾಭವನಕ್ಕೆ ಜೀವ ಬಂತು. ಫೋಟೊ ತೆಗೆದು ಗುಂಪಿಗೆ ಹಾಕಿದರು. ಆ ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟ ಮೇಲೆ ಟೀಚರ್ ಏನು ಮಾಡಬೇಕು, ಏನು ಮಾಡದೆ ಇರಬೇಕು ಎಂಬ ಮಾತು ಮಾತ್ರ ಬರಲೇ ಇಲ್ಲ.

ಖಾಸಗಿಯವರ ಕಡೆಯಾದರೂ ಸ್ಥಿತಿ ಬೇರೆಯೇ ಎಂದುಕೊಂಡಿದ್ದೆ. ನನ್ನ ಅಕ್ಕನ ಮಗಳು ಪಟ್ಟಣವೊಂದರಲ್ಲಿ ಒಂದು ವರ್ಷದ ನರ್ಸರಿ ಟೀಚರ್ ತರಬೇತಿ, ಅಂದರೆ ಎನ್‌ಟಿಟಿ ಮುಗಿಸಿದಳು. ಶುಲ್ಕ ಕಟ್ಟಲು ಅಕ್ಕ ಓಲೆ ಅಡವಿಟ್ಟಳು. ಶನಿವಾರ ಭಾನುವಾರ ತರಗತಿ; ವರ್ಷದ ಕೊನೆಗೆ ಹತ್ತಾರು ಫೈಲುಗಳು: ಕೊಲಾಜ್, ಒರಿಗಾಮಿ, ಕಥಾ ಚಾರ್ಟು. ಆ ಊರಿನಲ್ಲಿ ಈ ಫೈಲುಗಳನ್ನು ಸಿದ್ಧ ಮಾಡಿ ಕೊಡುವ ಅಂಗಡಿಯೇ ಇದೆಯಂತೆ, ಮುಂಗಡ ಕೊಟ್ಟರೆ ವಾರದಲ್ಲಿ ಸಿಗುತ್ತದೆ. ಇವಳು ಹಟದಿಂದ ಎಲ್ಲವನ್ನೂ ಸ್ವಂತ ಕೈಯಲ್ಲಿ ಮಾಡಿದಳು, ಅಂಗಡಿಯಿಂದ ತಂದವಳಿಗಿಂತ ಕಡಿಮೆ ಅಂಕ ಬಂತು. ಮಕ್ಕಳಿರುವ ತರಗತಿಯಲ್ಲಿ ಅಭ್ಯಾಸಕ್ಕೆಂದು ಕಳಿಸಿದ ಶಾಲೆಯಲ್ಲಿ ಅವಳಿಂದ ವಾರ್ಷಿಕೋತ್ಸವದ ತೋರಣ ಕಟ್ಟಿಸಿದರು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಲ್ಲಿ ಪೂರ್ವ ಪ್ರಾಥಮಿಕ ಶಿಕ್ಷಕರಿಗೆಂದು ಇರುವುದು ಎರಡು ವರ್ಷದ ಡಿಪ್ಲೊಮಾ. ಅದು ಅವಳಿಗೆ ತಿಳಿದದ್ದು ಕೋರ್ಸ್ ಮುಗಿಸಿ ಕೆಲಸ ಹುಡುಕುವಾಗ. ಈಗ ಒಂದು ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳಿಗೆ ಕರ್ಸಿವ್ ಅಕ್ಷರ ತಿದ್ದಿಸುತ್ತಾಳೆ. ಅವಳ ಸಂಬಳ ನನ್ನ ಗೌರವಧನಕ್ಕಿಂತ ಕಡಿಮೆ.

ನಮ್ಮೂರಿಗೂ ಆ ಕಾನ್ವೆಂಟಿನ ಹಳದಿ ವ್ಯಾನ್ ಬರುತ್ತದೆ. ಅದು ಹೋದ ಮೇಲೆ ಉಳಿದ ಮಕ್ಕಳು ನನ್ನವರು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, 2024ರಲ್ಲಿ ನಮ್ಮ ಸಂಘಗಳು ಪ್ರತಿಭಟಿಸಿದವು. ಮಕ್ಕಳನ್ನು ಅಲ್ಲಿಗೆ ಒಯ್ದರೆ ಅಂಗನವಾಡಿಯಲ್ಲಿ ಉಳಿಯುವುದೇನು ಎಂಬುದು ನಮ್ಮ ಪ್ರಶ್ನೆ. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರೂ ಬಂತು. ಆ ಹೋರಾಟದಲ್ಲಿ ನಾನೂ ಇದ್ದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ "ನಿಮಗೆ ತರಬೇತಿ ಎಲ್ಲಿದೆ?" ಎಂದು ಪೋಷಕರೊಬ್ಬರು ಕೇಳಿದಾಗ ನನ್ನ ಪ್ರಮಾಣಪತ್ರಗಳ ಕಟ್ಟನ್ನು ತೋರಿಸಲು ಮನಸ್ಸಾಗಲಿಲ್ಲ. ಅವರನ್ನು ಒಳಗೆ ಕರೆದು ಕೂರಿಸಿ, ಬೀಜದ ಡಬ್ಬಿ ತೆರೆದು, ಅವರ ಮಗನನ್ನು ಅವರಿಗೇ ತೋರಿಸಿದೆ. ವ್ಯಾನಿಗೆ ಕಳಿಸುವ ಯೋಚನೆಯನ್ನು ಆ ವರ್ಷಕ್ಕೆ ಮುಂದೂಡಿದರು. ಮರುವರ್ಷ ಕಳಿಸಿದರು, ಅದು ಬೇರೆ ಮಾತು.

ಪಕ್ಕದ ಊರಿಗೆ ಈಚೆಗೆ ಹೊಸ ಕಾರ್ಯಕರ್ತೆ ಬಂದಿದ್ದಾಳೆ. ಈಗ ಪಿಯುಸಿ ಕಡ್ಡಾಯ, ಇವಳು ಪದವೀಧರೆ. ತರಬೇತಿಯ ಸರದಿ ಇವಳಿಗೂ ಬಂದಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರನ್ನು ಕೇಳಿ, ಕೆಲವು ಬೆಳಗ್ಗೆಗಳು ಅವಳು ನನ್ನ ಕೇಂದ್ರದಲ್ಲಿ ಕೂರಲು ಬಾಯಿಮಾತಿನ ಒಪ್ಪಿಗೆ ಪಡೆದೆ. ಬರವಣಿಗೆಯಲ್ಲಿ ಕೊಡಲು ಅದಕ್ಕೊಂದು ನಿಯಮವಿಲ್ಲ. ಮೊದಲ ದಿನ ಅವಳು ಪೆನ್ನು ಹಿಡಿದು, "ಅಕ್ಕ, ಯಾವ ಯಾವ ರಿಜಿಸ್ಟರ್ ಬರೆಯಬೇಕು ಹೇಳಿ" ಎಂದಳು. ನಾನು ನೋಟ್‌ಬುಕ್ ಕೊಟ್ಟು ಮಗುವೊಂದನ್ನು ಆರಿಸಿಕೊಳ್ಳಲು ಹೇಳಿದೆ. ಅವಳು ಬರೆದ ಮೊದಲ ಸಾಲು: "ಈ ಮಗು ತುಂಬಾ ತುಂಟ." ಅದನ್ನು ಹೊಡೆದುಹಾಕಿ, "ಏನು ಮಾಡಿದ, ಅದನ್ನು ಬರಿ" ಎಂದೆ. ಅನ್ನ ಆಗುವ ಹೊತ್ತಿಗೆ ಒಂದೂವರೆ ಪುಟ ತುಂಬಿಸಿದ್ದಳು.

ಹೊಸಬರೆಲ್ಲರೂ ಹೀಗೆ ಒಬ್ಬ ಹಳಬಳ ಕೇಂದ್ರದಲ್ಲಿ ಕೂತು ಕಲಿಯುವಂತಾಗಲಿ, ಮೇಲ್ವಿಚಾರಕಿ ತಿಂಗಳಿಗೊಮ್ಮೆ ಪುಸ್ತಕ ಮುಟ್ಟದೆ ಪಾಠ ಮಾತ್ರ ನೋಡಿ ಹೋಗಲಿ ಎಂದು ಒಂದು ಮನವಿ ಬರೆದು ವಲಯ ಸಭೆಗೆ ಒಯ್ದಿದ್ದೆ. ಕಾರ್ಯಸೂಚಿಯಲ್ಲಿ ಮೊದಲನೆಯದು ಮನೆಗೆ ಕೊಡುವ ಪಡಿತರಕ್ಕೆ ಮುಖ ಗುರುತಿಸುವಿಕೆ, ಎರಡನೆಯದು ಬಾಕಿ ಉಳಿದ ಆಧಾರ್ ಪರಿಶೀಲನೆ, ಮೂರನೆಯದು ಮೊಟ್ಟೆ ಬಿಲ್ಲು. ನನ್ನದನ್ನು "ಇತರೆ ವಿಷಯಗಳು" ಎಂಬ ತಲೆಬರಹದ ಕೆಳಗೆ ಸೇರಿಸಿಕೊಂಡರು. ಅಲ್ಲಿಗೆ ತಲುಪುವ ಮೊದಲೇ ಕೊನೆಯ ಬಸ್ಸಿನ ಹೊತ್ತಾಯಿತು. ಮುಂದಿನ ತಿಂಗಳ ಸಭೆಗೆ ಮತ್ತೆ ಒಯ್ಯುತ್ತೇನೆ. ಈ ಸಲ ಹೊಸ ಹುಡುಗಿಯ ಆ ಒಂದೂವರೆ ಪುಟದ ಜೆರಾಕ್ಸನ್ನೂ ಲಗತ್ತಿಸಿದ್ದೇನೆ.